ಕರಾಚಿಯಿಂದ ಮುಂಬಯಿಗೆ: ಜೆ. ಆರ್. ಡಿ. ಟಾಟಾ ಅವರ ವೈಮಾನಿಕ ಜೀವನ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೆಂಗಳೂರಿನ ವಿಮಾನಯಾನವು ಇಂದು ಹೊಸತೇನಲ್ಲ. ನೇರ ರೇಖೆಯಲ್ಲಿ ಸುಮಾರು 830 ಕಿಲೋಮೀಟರುಗಳ ಈ ದಾರಿಗೆ ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಒಂದೂಮುಕ್ಕಾಲು ಗಂಟೆಯ ಆಸುಪಾಸು. ಊರಿನ ಮದುವೆಗೋ ಗೃಹಪ್ರವೇಶಕ್ಕೋ ಬೆಳಿಗ್ಗೆ ಹೋಗಿ ರಾತ್ರಿಯೇ ಹಿಂದಿರುಗಿ ಮರುದಿನ ಕಚೇರಿಗೆ ಹಾಜರಾಗುವವರು ನಮ್ಮ ನಡುವೆ ಅನೇಕರಿದ್ದಾರೆ. ಇದೇ ಮುಂಬಯಿಯಿಂದ ಕರಾಚಿಗಿರುವ ದೂರವೂ ಹೆಚ್ಚುಕಡಿಮೆ ಇಷ್ಟೇ, ಸುಮಾರು 880 ಕಿಲೋಮೀಟರು. 1932ರ ಅಕ್ಟೋಬರ್ 15ರಂದು ಇಪ್ಪತ್ತೆಂಟು ವರ್ಷದ ತರುಣರೊಬ್ಬರು ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಹೊರಟು ಮುಂಬಯಿಯನ್ನು ಸೇರಿದರು. ಅದಕ್ಕೆ ಹಿಡಿದದ್ದು ಏಳೂಕಾಲು ಗಂಟೆ. ಭಾರತದ ನಾಗರಿಕ ವಿಮಾನಯಾನದ ಚರಿತ್ರೆಯು ಆರಂಭವಾಗುವುದು ಸಾಮಾನ್ಯವಾಗಿ ಈ ಏಳೂಕಾಲು ಗಂಟೆಗಳಿಂದಲೇ. ಆ ತರುಣರೇ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ, ಅಂದರೆ ಜೆ. ಆರ್. ಡಿ. ಟಾಟಾ.

ಉಕ್ಕು, ಮೋಟಾರು, ರಾಸಾಯನಿಕ ಮುಂತಾದ ಹತ್ತಾರು ಉದ್ದಿಮೆಗಳ ಒಡೆಯರೆಂದು ಅವರ ಪರಿಚಯ ಎಲ್ಲರಿಗೂ ಇದೆ. ಆದರೆ ಅವರ ಬದುಕಿನ ಉದ್ದಕ್ಕೂ ಹರಿದುಬಂದ ಒಂದು ಚಿಂತನೆ ಬೇರೆಯೇ ಇತ್ತು. ಎರಡು ಊರುಗಳ ನಡುವಿನ ದೂರವನ್ನು ಭೂಪಟದಲ್ಲಿ ಯಾರೂ ಕಿರಿದುಗೊಳಿಸಲಾರರು. ಕಿರಿದುಗೊಳಿಸಬಹುದಾದದ್ದು ಕಾಲವನ್ನು ಮಾತ್ರ. ಆ ಕಾಲವನ್ನು ಒಮ್ಮೆ ಕಿರಿದುಗೊಳಿಸಿದರೆ ಅದು ಸಾಹಸವೆನಿಸುತ್ತದೆ. ದಿನವೂ ಹೇಳಿದ ಹೊತ್ತಿಗೆ ತಲುಪಿದರೆ ಮಾತ್ರ ಅದು ಸೇವೆಯಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರಿತವರು ಜೆ. ಆರ್. ಡಿ. ಅವರ ಜೀವನವನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ಸಮುದ್ರ ತೀರದ ಬಾಲ್ಯ

ಜೆ. ಆರ್. ಡಿ. ಜನಿಸಿದ್ದು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಟಾಟಾ ಸಂಸ್ಥೆಯ ಸ್ಥಾಪಕ ಜಮ್‌ಶೆಟ್‌ಜಿ ಟಾಟಾ ಅವರ ಬಂಧು ಹಾಗೂ ವ್ಯವಹಾರದಲ್ಲಿ ಸಹಭಾಗಿ. ತಾಯಿ ಸುಜಾನ್ ಬ್ರಿಯೆರ್ ಫ್ರೆಂಚ್ ಮಹಿಳೆ. ಮದುವೆಯ ನಂತರ ಸೂನಿ ಎಂಬ ಹೆಸರನ್ನು ಪಡೆದರು. ತಂದೆಯ ಕೆಲಸ ಮುಂಬಯಿಯಲ್ಲಿ, ತಾಯಿಯ ತವರು ಫ್ರಾನ್ಸಿನಲ್ಲಿ. ಹೀಗಾಗಿ ಮಕ್ಕಳ ವಿದ್ಯಾಭ್ಯಾಸವು ಪ್ಯಾರಿಸ್, ಮುಂಬಯಿ, ಜಪಾನಿನ ಯೊಕೊಹಾಮಾಗಳಲ್ಲಿ ಹಂಚಿಹೋಯಿತು. ಅಂದಿನ ಹಡಗುಗಳಲ್ಲಿ ಮುಂಬಯಿಯಿಂದ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಸುಮಾರು ಎರಡು ವಾರಗಳ ಪ್ರಯಾಣ. ತಂದೆ ಒಂದು ಕಡೆ, ಉಳಿದವರು ಒಂದು ಕಡೆ ಎಂಬ ಸ್ಥಿತಿ ಆ ಮನೆಗೆ ರೂಢಿಯಾಗಿತ್ತು. ದೂರವೆಂದರೆ ಏನೆಂಬುದನ್ನು ಆ ಬಾಲಕ ಪಠ್ಯಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಕುಟುಂಬಕ್ಕೆ ಫ್ರಾನ್ಸಿನ ಉತ್ತರ ಕರಾವಳಿಯ ಹಾರ್ಡ್‌ಲೊ ಎಂಬಲ್ಲಿ ಬೇಸಿಗೆಯ ಮನೆಯಿತ್ತು. ಅದೇ ಕಡಲತೀರದಲ್ಲಿ ಲೂಯಿ ಬ್ಲೆರಿಯೊ ಅವರ ಮನೆಯೂ ಇತ್ತು. 1909ರ ಜುಲೈ 25ರಂದು ತಾವೇ ನಿರ್ಮಿಸಿದ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊತ್ತಮೊದಲು ದಾಟಿದವರು ಈ ಬ್ಲೆರಿಯೊ. ಕ್ಯಾಲೆಯ ಬಳಿಯಿಂದ ಡೋವರ್‌ಗೆ ಸುಮಾರು 37 ಕಿಲೋಮೀಟರು. ಹಿಡಿದ ಸಮಯ ಸುಮಾರು 37 ನಿಮಿಷ. ನಿಮಿಷಕ್ಕೊಂದು ಕಿಲೋಮೀಟರಿನ ಲೆಕ್ಕ. ನೂರಾರು ವರ್ಷ ಎರಡು ದೇಶಗಳನ್ನು ಬೇರ್ಪಡಿಸಿದ್ದ ಕಡಲು ಅರ್ಧ ಗಂಟೆ ಚಿಲ್ಲರೆಯ ದಾರಿಯಾಗಿ ಮಾರ್ಪಟ್ಟಿತು. ಐದು ವರ್ಷದ ಜಹಾಂಗೀರನಿಗೆ ಬ್ಲೆರಿಯೊ ಆರಾಧ್ಯ ವ್ಯಕ್ತಿಯಾದದ್ದು ಸಹಜ. ಹದಿನೈದನೆಯ ವಯಸ್ಸಿನಲ್ಲಿ, ಅದೇ ಹಾರ್ಡ್‌ಲೊ ತೀರದಲ್ಲಿ, ಹಣ ಕೊಟ್ಟು ವಿಮಾನದಲ್ಲಿ ಒಂದು ಸುತ್ತು ಹಾರಿ ಬಂದ ದಿನವೇ ತಾನೂ ವಿಮಾನ ಚಾಲಕನಾಗಬೇಕೆಂದು ಆತ ನಿಶ್ಚಯಿಸಿಕೊಂಡನು.

ತಾಯಿ 1923ರಲ್ಲಿ ತೀರಿಕೊಂಡರು. ಫ್ರೆಂಚ್ ಪ್ರಜೆಯಾಗಿದ್ದುದರಿಂದ ಒಂದು ವರ್ಷ ಅಲ್ಲಿನ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಯಿತು. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಹಂಬಲವಿತ್ತು; ಆದರೆ ತಂದೆ ಮುಂಬಯಿಗೆ ಕರೆಸಿಕೊಂಡರು. 1925ರ ಕೊನೆಯಲ್ಲಿ ಜೆ. ಆರ್. ಡಿ. ಟಾಟಾ ಸಂಸ್ಥೆಯಲ್ಲಿ ವೇತನವಿಲ್ಲದ ಉಮೇದುವಾರರಾಗಿ ಸೇರಿದರು. ಮರುವರ್ಷವೇ ತಂದೆಯೂ ಇಲ್ಲವಾದರು. ಇಪ್ಪತ್ತೆರಡರ ವಯಸ್ಸಿಗೆ ಹಿರಿಯ ಮಗನ ಹೊಣೆ ಹೆಗಲೇರಿತು. ವಿಶ್ವವಿದ್ಯಾಲಯದ ಪದವಿ ತಮಗೆ ದೊರೆಯಲಿಲ್ಲವೆಂಬ ಕೊರಗು ಅವರಿಗೆ ಕಡೆಯವರೆಗೂ ಇತ್ತು. 1929ರಲ್ಲಿ ಅವರು ಫ್ರೆಂಚ್ ಪೌರತ್ವವನ್ನು ತ್ಯಜಿಸಿದರು.

ಮೊದಲನೆಯ ಪರವಾನಗಿ, ಸೋತ ಪಂದ್ಯ

ಅದೇ 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ಅವರಿಗೆ ವಿಮಾನ ಚಾಲನೆಯ ಪರವಾನಗಿ ದೊರೆಯಿತು. ಭಾರತದಲ್ಲಿ ನೀಡಲಾದ ಪರವಾನಗಿಗಳಲ್ಲಿ ಅದರ ಸಂಖ್ಯೆ ಒಂದು. ಮುಂದೆ ದೊರೆತ ಬಿರುದು ಬಾವಲಿಗಳಿಗಿಂತ ಈ ಪುಟ್ಟ ಪುಸ್ತಿಕೆಯ ಮೇಲೆ ಅವರಿಗಿದ್ದ ಅಭಿಮಾನ ದೊಡ್ಡದು.

ಆಗಾ ಖಾನ್ ಅವರು ಒಂದು ಬಹುಮಾನವನ್ನು ಘೋಷಿಸಿದರು. ಇಂಗ್ಲೆಂಡ್ ಮತ್ತು ಭಾರತಗಳ ನಡುವೆ, ಯಾವ ದಿಕ್ಕಿನಿಂದಲಾದರೂ ಸರಿ, ಒಬ್ಬಂಟಿಯಾಗಿ ಹಾರಿ ಮೊದಲು ತಲುಪುವ ಭಾರತೀಯನಿಗೆ 500 ಪೌಂಡು. ಮೂವರು ಸ್ಪರ್ಧೆಗೆ ಇಳಿದರು: ಮನ್ ಮೋಹನ್ ಸಿಂಗ್, ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಹಾಗೂ ಜೆ. ಆರ್. ಡಿ. ಟಾಟಾ. ಆಸ್ಪಿ ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟರೆ ಜೆ. ಆರ್. ಡಿ. ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಳಿದಾಗ ಜೆ. ಆರ್. ಡಿ. ಅವರಿಗೆ ಆಸ್ಪಿಯ ವಿಮಾನ ನಿಂತಿರುವುದು ಕಂಡಿತು. ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳು ಕೆಟ್ಟು, ಬದಲಿ ಪ್ಲಗ್‌ಗಳಿಲ್ಲದೆ ಆ ಹುಡುಗ ಮುಂದೆ ಹೋಗಲಾರದೆ ಕುಳಿತಿದ್ದನು. ಸ್ಪರ್ಧೆಯ ಲೆಕ್ಕದಲ್ಲಿ ನೋಡಿದರೆ ಜೆ. ಆರ್. ಡಿ. ಸುಮ್ಮನೆ ಇಂಧನ ತುಂಬಿಸಿಕೊಂಡು ಹಾರಿಬಿಟ್ಟಿದ್ದರೆ ಗೆಲುವು ಅವರದಾಗುತ್ತಿತ್ತು. ಅವರು ತಮ್ಮಲ್ಲಿದ್ದ ಪ್ಲಗ್‌ಗಳನ್ನು ಕೊಟ್ಟರು. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹೊರಟರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಮೊದಲು ಗುರಿ ಮುಟ್ಟಿ ಬಹುಮಾನವನ್ನು ಪಡೆದರು.

ಆ ಆಸ್ಪಿ ಎಂಜಿನಿಯರ್ ಮುಂದೆ ವಾಯುಪಡೆಯನ್ನು ಸೇರಿ, 1960ರಿಂದ 1964ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಗೆದ್ದವರಿಗೂ ಸೋತವರಿಗೂ ಅಂದಿನಿಂದ ಗೆಳೆತನ ಉಳಿಯಿತು. ಯಾರು ಎಷ್ಟು ಗಂಟೆ ಮೊದಲು ತಲುಪಿದರೆಂಬ ಲೆಕ್ಕವನ್ನು ಇಂದು ಹೆಚ್ಚಿನವರು ಮರೆತಿದ್ದಾರೆ. ಅಬೂಕಿರ್‌ನಲ್ಲಿ ಕೈಬದಲಾದ ಪ್ಲಗ್‌ಗಳನ್ನು ಯಾರೂ ಮರೆತಿಲ್ಲ.

ವಿನ್ಸೆಂಟ್ ತಂದ ಯೋಜನೆ

ಅಂದು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನಿಂದ ಕರಾಚಿಯವರೆಗೆ ಅಂಚೆಯನ್ನು ವಿಮಾನದಲ್ಲಿ ತರುತ್ತಿತ್ತು. ಸುಮಾರು ಒಂದು ವಾರದಲ್ಲಿ ಕರಾಚಿಯನ್ನು ಸೇರಿದ ಕಾಗದಗಳು ಅಲ್ಲಿಂದ ಮುಂದೆ ರೈಲುಗಾಡಿಯನ್ನು ಕಾಯಬೇಕಾಗಿತ್ತು. ಆಕಾಶದಲ್ಲಿ ಉಳಿಸಿದ ದಿನಗಳು ಭೂಮಿಯ ಮೇಲೆ ಕಳೆದುಹೋಗುತ್ತಿದ್ದವು. ಕರಾಚಿಯಿಂದ ಮುಂಬಯಿ ಮಾರ್ಗವಾಗಿ ಮದರಾಸಿಗೆ ಈ ಅಂಚೆಯನ್ನು ವಿಮಾನದಲ್ಲಿಯೇ ಒಯ್ದರೆ ಹೇಗೆ ಎಂಬ ಯೋಜನೆಯನ್ನು ಹೊತ್ತು ಬಂದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯ ಮಾಜಿ ಚಾಲಕರಾಗಿದ್ದ ಅವರು 1929ರಲ್ಲಿ ಭಾರತಕ್ಕೆ ಬಂದು, ಊರೂರುಗಳಲ್ಲಿ ಜನರನ್ನು ವಿಮಾನದಲ್ಲಿ ಸುತ್ತಾಡಿಸುತ್ತ ದೇಶದ ಭೂಗೋಳವನ್ನು ಮೇಲಿನಿಂದ ಬಲ್ಲವರಾಗಿದ್ದರು.

ಜೆ. ಆರ್. ಡಿ. ಅವರಿಗೆ ಯೋಜನೆ ಹಿಡಿಸಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್‌ಜಿ ಟಾಟಾ ಅವರಿಗೆ ಅಷ್ಟಾಗಿ ಒಪ್ಪಿಗೆಯಿರಲಿಲ್ಲ. ಹಿರಿಯ ನಿರ್ದೇಶಕ ಜಾನ್ ಪೀಟರ್‌ಸನ್ ಅವರು ನಡುವೆ ಬಂದು ಹೇಳಿ ಒಪ್ಪಿಸಿದರು. ಹೂಡಬೇಕಾದ ಬಂಡವಾಳ ಎರಡು ಲಕ್ಷ ರೂಪಾಯಿ. ಸರ್ಕಾರದಿಂದ ಸಹಾಯಧನ ಕೇಳಿದಾಗ ಅದು ನಿರಾಕರಿಸಿತು. ಕೊನೆಗೆ ಸಹಾಯಧನವೇ ಬೇಡ, ಒಯ್ದ ಅಂಚೆಯ ತೂಕಕ್ಕೆ ತಕ್ಕ ಹಣ ಸಾಕು ಎಂಬ ಷರತ್ತಿನ ಮೇಲೆ 1932ರ ಏಪ್ರಿಲ್‌ನಲ್ಲಿ ಹತ್ತು ವರ್ಷಗಳ ಕರಾರು ಆಯಿತು. ಅದರ ಅರ್ಥ ಸ್ಪಷ್ಟವಾಗಿತ್ತು. ಜನ ಅಂಚೆಯನ್ನು ಕೊಟ್ಟರೆ ಸಂಸ್ಥೆಗೆ ಆದಾಯ. ಅಂಚೆ ಹೊತ್ತಿಗೆ ಸರಿಯಾಗಿ ತಲುಪಿದರೆ ಮಾತ್ರ ಜನ ಕೊಟ್ಟಾರು. ಸಮಯಪಾಲನೆಯು ಆ ಸಂಸ್ಥೆಗೆ ಶೋಭೆಯ ಮಾತಾಗಿರದೆ ಅನ್ನದ ಮಾತೇ ಆಗಿತ್ತು.

ಏಳೂಕಾಲು ಗಂಟೆಗಳ ಲೆಕ್ಕ

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ ಆರೂವರೆ ಕಳೆದು ಐದು ನಿಮಿಷಕ್ಕೆ ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಜೆ. ಆರ್. ಡಿ. ಮೇಲೇರಿದರು. ವಿಮಾನವು ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್, ಒಂದೇ ಎಂಜಿನ್ನು. ಒಯ್ದ ಅಂಚೆಯ ತೂಕ ಸುಮಾರು 25 ಕಿಲೋ. ರೇಡಿಯೋ ಇಲ್ಲ, ದಾರಿ ತೋರುವ ಯಾವ ಸಾಧನವೂ ನೆಲದ ಮೇಲಿಲ್ಲ. ಕಣ್ಣಿಗೊಂದು ಕನ್ನಡಕ, ಕೈಯಲ್ಲೊಂದು ಸ್ಲೈಡ್ ರೂಲ್.

ಈ ಸ್ಲೈಡ್ ರೂಲಿನ ಕೆಲಸವೇನೆಂಬುದನ್ನು ಇಂದಿನ ತರುಣರಿಗೆ ತಿಳಿಸಬೇಕಾಗಬಹುದು. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಗುಣಾಕಾರ ಭಾಗಾಕಾರಗಳನ್ನು ಕ್ಷಣದಲ್ಲಿ ಮಾಡಿಕೊಡುತ್ತಿದ್ದ, ಒಂದರೊಳಗೊಂದು ಜಾರುವ ಅಳತೆಪಟ್ಟಿ ಅದು. ವಿಮಾನದ ವೇಗಮಾಪಕ ತೋರಿಸುವುದು ಗಾಳಿಯಲ್ಲಿ ವಿಮಾನದ ವೇಗವನ್ನು. ಗಾಳಿಯೇ ಚಲಿಸುತ್ತಿರುವಾಗ ನೆಲದ ಮೇಲೆ ಎಷ್ಟು ದೂರ ಸಾಗಿದೆವೆಂಬುದು ಬೇರೆಯೇ ಲೆಕ್ಕ. ಗಂಟೆಗೆ 160 ಕಿಲೋಮೀಟರು ಸಾಗುವ ವಿಮಾನಕ್ಕೆ 30 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ಅದು ಸಾಗುವುದು 130 ಮಾತ್ರ. ಅಷ್ಟೇ ಹಿಂಗಾಳಿ ಸಿಕ್ಕರೆ 190. ಪಕ್ಕದಿಂದ ಬೀಸಿದರೆ ದಾರಿಯೇ ತಪ್ಪುತ್ತದೆ. ಕೆಳಗೆ ಕಾಣುವ ನದಿ, ರೈಲುದಾರಿ, ಊರುಗಳನ್ನು ನಕ್ಷೆಯೊಂದಿಗೆ ತಾಳೆ ನೋಡಿ, ಗಡಿಯಾರ ನೋಡಿ, ಇನ್ನೆಷ್ಟು ಹೊತ್ತು, ಇಂಧನ ಇನ್ನೆಷ್ಟು ಎಂದು ಚಾಲಕ ತಾನೇ ಲೆಕ್ಕ ಹಾಕುತ್ತಿರಬೇಕು. ಲೆಕ್ಕ ತಪ್ಪಿದರೆ ಇಳಿಯಲು ಎರಡನೆಯ ನಿಲ್ದಾಣವಿರಲಿಲ್ಲ.

ಜೆ. ಆರ್. ಡಿ. ಹಾರಿದ್ದು ಕರಾಚಿಯಿಂದ ನೇರವಾಗಿ ಅರಬ್ಬೀ ಸಮುದ್ರದ ಮೇಲಿಂದ ಮುಂಬಯಿಗೆ ಅಲ್ಲ. ನಡುವೆ ಅಹಮದಾಬಾದಿನಲ್ಲಿ ಇಳಿಯಬೇಕಾಗಿತ್ತು. ಕರಾಚಿಯಿಂದ ಅಹಮದಾಬಾದಿಗೆ 590 ಕಿಲೋಮೀಟರು, ಅಲ್ಲಿಂದ ಮುಂಬಯಿಗೆ 440. ಒಟ್ಟು 1,030 ಕಿಲೋಮೀಟರುಗಳ ಆಸುಪಾಸು. ಅಹಮದಾಬಾದಿನಲ್ಲಿ ಬರ್ಮಾ ಷೆಲ್ ಕಂಪನಿಯವರು ಪೆಟ್ರೋಲಿನ ಡಬ್ಬಿಗಳನ್ನು ಎತ್ತಿನ ಗಾಡಿಯಲ್ಲಿ ತಂದು ವಿಮಾನಕ್ಕೆ ತುಂಬಿಸಿದರು. ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷಕ್ಕೆ ವಿಮಾನ ಜುಹೂವಿನಲ್ಲಿ ಇಳಿಯಿತು. ಎತ್ತಿನ ಗಾಡಿಯ ಮುಂದೆ ಕಳೆದ ಹೊತ್ತನ್ನೂ ಸೇರಿಸಿ ಸರಾಸರಿ ವೇಗವು ಗಂಟೆಗೆ ಸುಮಾರು 140 ಕಿಲೋಮೀಟರು. ಇಂದು ಹೆದ್ದಾರಿಯಲ್ಲಿ ಮೋಟಾರುಗಳು ಈ ವೇಗವನ್ನು ಮುಟ್ಟುತ್ತವೆ. ಆದರೆ ಅಂದಿನ ಮುಂಬಯಿಗೆ ಕರಾಚಿಯ ಮುಂಜಾನೆಯ ಕಾಗದ ಅದೇ ಮಧ್ಯಾಹ್ನ ಕೈಸೇರುವುದೆಂದರೆ ಊಹೆಗೆ ಮೀರಿದ ಸಂಗತಿ.

ಕನ್ನಡಿಗರಾದ ನಾವು ನೆನಪಿಡಬೇಕಾದ ಇನ್ನೊಂದು ಮಾತಿದೆ. ಆ ಅಂಚೆಯ ಯಾನ ಮುಂಬಯಿಯಲ್ಲಿ ಮುಗಿಯಲಿಲ್ಲ. ಜುಹೂವಿನಿಂದ ನೆವಿಲ್ ವಿನ್ಸೆಂಟ್ ಅದನ್ನು ಒಯ್ದದ್ದು ಬಳ್ಳಾರಿಗೆ, ಸುಮಾರು 610 ಕಿಲೋಮೀಟರು. ರಾತ್ರಿ ಅಲ್ಲಿ ತಂಗಿ, ಮರುದಿನ 430 ಕಿಲೋಮೀಟರು ದೂರದ ಮದರಾಸಿಗೆ. ಬಳ್ಳಾರಿ ಅಂದು ಮದರಾಸು ಪ್ರಾಂತ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ದೇಶದ ಮೊದಲ ಸ್ವದೇಶಿ ವಿಮಾನ ಸೇವೆಯ ಮೊದಲ ರಾತ್ರಿಯ ತಂಗುದಾಣ ಕನ್ನಡದ ನೆಲವಾಗಿತ್ತೆಂಬುದು ನಮ್ಮಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಕೆಲಕಾಲದ ನಂತರ ಈ ಮಾರ್ಗ ಹೈದರಾಬಾದಿನ ಮೂಲಕ ಸಾಗಿದ್ದರಿಂದ ಬಳ್ಳಾರಿಯ ಹೆಸರು ಹಿಂದೆ ಸರಿಯಿತು.

ಮಳೆಗಾಲದಲ್ಲಿಯೂ ತಪ್ಪದ ವೇಳೆ

ಆರಂಭದಲ್ಲಿ ಸಂಸ್ಥೆಯ ಆಸ್ತಿ ಅಲ್ಪ. ಜುಹೂವಿನಲ್ಲಿ ಗರಿ ಹೊದಿಸಿದ ಒಂದು ಕೊಟ್ಟಿಗೆ, ಎರಡು ಪುಟ್ಟ ವಿಮಾನಗಳು, ಬೆರಳೆಣಿಕೆಯ ಸಿಬ್ಬಂದಿ. ಜುಹೂವಿನ ನೆಲ ಮಳೆಗಾಲದಲ್ಲಿ ಕೆಸರಾಗಿ ವಿಮಾನ ಇಳಿಯಲು ಬಾರದಂತಾಗುತ್ತಿತ್ತು. ಆಗ ಇಡೀ ಕಾರ್ಯಾಚರಣೆಯನ್ನು ಪುಣೆಗೆ ಒಯ್ಯುತ್ತಿದ್ದರು. ಪಶ್ಚಿಮ ಘಟ್ಟಗಳ ಮುಂಗಾರು ಎಂಥದೆಂಬುದು ಮುಂಬಯಿ-ಪುಣೆಯವರಿಗೂ ಕರಾವಳಿ-ಮಲೆನಾಡಿನವರಿಗೂ ಹೇಳಬೇಕಾಗಿಲ್ಲ. ಅಂಥ ಮೋಡ, ಮಳೆಗಳ ನಡುವೆಯೂ 1933-34ರಲ್ಲಿ ಈ ಸೇವೆಯ ಸಮಯಪಾಲನೆ ನೂರಕ್ಕೆ ನೂರು ಎಂದು ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯೇ ತನ್ನ ವರದಿಯಲ್ಲಿ ದಾಖಲಿಸಿತು.

ಮೊದಲ ವರ್ಷ ಸಂಸ್ಥೆಯ ವಿಮಾನಗಳು ಹಾರಿದ ದೂರ 1,60,000 ಮೈಲಿ. ಒಯ್ದ ಪ್ರಯಾಣಿಕರು 155 ಮಂದಿ. ಬಂದ ಲಾಭ 60,000 ರೂಪಾಯಿ. ವ್ಯವಹಾರದ ದೃಷ್ಟಿಯಿಂದ ಚಿಕ್ಕ ಮೊತ್ತವಾದರೂ ಸಹಾಯಧನವಿಲ್ಲದೆ ಬಂದದ್ದೆಂಬುದು ಮುಖ್ಯ. 1935ರಲ್ಲಿ ಗೋವಾ, ಕಣ್ಣೂರುಗಳ ಮೂಲಕ ತಿರುವನಂತಪುರಕ್ಕೆ, 1937ರಲ್ಲಿ ದಿಲ್ಲಿಗೆ ಮಾರ್ಗಗಳು ಬೆಳೆದವು. 1938ರಲ್ಲಿ ಮೂವತ್ತನಾಲ್ಕರ ವಯಸ್ಸಿನ ಜೆ. ಆರ್. ಡಿ. ಇಡೀ ಟಾಟಾ ಸಮೂಹದ ಅಧ್ಯಕ್ಷರಾದರು. ಆ ಸ್ಥಾನದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ, 1991ರವರೆಗೆ ಇದ್ದರು.

ಯೋಜನೆಯ ಮೂಲಪುರುಷ ವಿನ್ಸೆಂಟ್ ಮಾತ್ರ ಈ ಬೆಳವಣಿಗೆಯನ್ನು ಪೂರ್ತಿ ನೋಡಲಿಲ್ಲ. ಯುದ್ಧಕಾಲದಲ್ಲಿ ಪುಣೆಯಲ್ಲಿ ವಿಮಾನ ಕಾರ್ಖಾನೆ ತೆರೆಯುವ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದ ಅವರು 1942ರಲ್ಲಿ ಹಿಂದಿರುಗುತ್ತಿದ್ದಾಗ ವಿಮಾನದೊಂದಿಗೆ ಕಣ್ಮರೆಯಾದರು. ಜೆ. ಆರ್. ಡಿ. ಅವರಿಗೆ ಅದು ಸಹೋದರನನ್ನು ಕಳೆದುಕೊಂಡಂಥ ನಷ್ಟ.

ಮುಂಬಯಿಯಿಂದ ಲಂಡನ್ನಿಗೆ

1946ರಲ್ಲಿ ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರನ್ನು ತಳೆಯಿತು. ಸ್ವಾತಂತ್ರ್ಯ ಬಂದೊಡನೆ ಜೆ. ಆರ್. ಡಿ. ಸರ್ಕಾರದ ಮುಂದೆ ಹೊಸ ಪ್ರಸ್ತಾಪವನ್ನಿಟ್ಟರು. ವಿದೇಶ ಸಂಚಾರಕ್ಕಾಗಿ ಒಂದು ಸಂಸ್ಥೆ. ಅದರಲ್ಲಿ ಸರ್ಕಾರದ ಪಾಲು ಶೇಕಡಾ 49, ಟಾಟಾ ಪಾಲು 25, ಉಳಿದದ್ದು ಸಾರ್ವಜನಿಕರದು. ಪ್ರಸ್ತಾಪ ಕೆಲವೇ ವಾರಗಳಲ್ಲಿ ಅಂಗೀಕಾರವಾಯಿತು. 1948ರ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ಎಂಬ ಹೆಸರಿನ ಕಾನ್‌ಸ್ಟಲೇಶನ್ ವಿಮಾನವು 35 ಪ್ರಯಾಣಿಕರೊಂದಿಗೆ ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳಲ್ಲಿ ಇಳಿದು ಜೂನ್ 10ರಂದು ಲಂಡನ್ನನ್ನು ತಲುಪಿತು. ಪ್ರಯಾಣಿಕರಲ್ಲಿ ಜೆ. ಆರ್. ಡಿ. ಮತ್ತು ಅವರ ಪತ್ನಿ ಥೆಲ್ಮಾ ಇದ್ದರು.

ಸುಮಾರು 8,000 ಕಿಲೋಮೀಟರುಗಳ ಆ ದಾರಿಯನ್ನು ಹಡಗು ವಾರಗಳಲ್ಲಿ ಕ್ರಮಿಸುತ್ತಿದ್ದ ಕಾಲ ಅದು. ಬಾಲ್ಯದಲ್ಲಿ ತಂದೆಯನ್ನೂ ಮಕ್ಕಳನ್ನೂ ಬೇರ್ಪಡಿಸಿದ್ದ ದೂರವನ್ನು ಮಗ ಭಾರತದ ಧ್ವಜವಿದ್ದ ವಿಮಾನದಿಂದ ಎರಡು ರಾತ್ರಿಗಳ ಅಂತರಕ್ಕೆ ಇಳಿಸಿದ್ದನು. ಮುಂದೆ 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. ಅದೇ ವರ್ಷ ನ್ಯೂಯಾರ್ಕಿಗೆ ಸೇವೆ ಆರಂಭವಾಯಿತು. 1962ರಲ್ಲಿ ಏರ್ ಇಂಡಿಯಾವು ಜೆಟ್ ವಿಮಾನಗಳನ್ನಷ್ಟೇ ಹೊಂದಿದ ಜಗತ್ತಿನ ಮೊದಲ ವಿಮಾನ ಸಂಸ್ಥೆಯೆನಿಸಿತು. ಪಸ್ ಮಾತ್‌ನ ಐದು ಪಟ್ಟಿಗೂ ಹೆಚ್ಚು ವೇಗ. ಎಂಟು ಸಾವಿರ ಕಿಲೋಮೀಟರು ಒಂದು ಹಗಲಿನ ಮಾತಾಯಿತು.

ವೇಗಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮೊದಲ ಯಾನದ ಅದೇ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಆಲ್ಪ್ಸ್ ಪರ್ವತದ ಮೋಂಬ್ಲಾಂಗೆ ಅಪ್ಪಳಿಸಿ 48 ಮಂದಿ ಮಡಿದರು. 1966ರ ಜನವರಿ 24ರಂದು ಕಾಂಚನಜುಂಗಾ ಎಂಬ ಬೋಯಿಂಗ್ ವಿಮಾನವು ಅದೇ ಪರ್ವತಕ್ಕೆ ಬಡಿದು 117 ಮಂದಿ ಅಸುನೀಗಿದರು. ಅವರಲ್ಲಿ ಹೋಮಿ ಭಾಭಾ ಒಬ್ಬರು. ಯುದ್ಧಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಭಾಭಾ, ದೇಶಕ್ಕೊಂದು ಮೂಲವಿಜ್ಞಾನದ ಸಂಶೋಧನಾಲಯ ಬೇಕೆಂಬ ವಿಚಾರವನ್ನು 1943ರಲ್ಲಿ ಪತ್ರದ ಮೂಲಕ ಮೊದಲು ತಿಳಿಸಿದ್ದು ಜೆ. ಆರ್. ಡಿ. ಅವರಿಗೆ. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂದಿತು. ತಾವು ಬೆಂಬಲಿಸಿ ಬೆಳೆಸಿದ ಗೆಳೆಯನನ್ನು ತಾವೇ ಅಧ್ಯಕ್ಷರಾಗಿದ್ದ ಸಂಸ್ಥೆಯ ವಿಮಾನದಲ್ಲಿ ಕಳೆದುಕೊಳ್ಳುವ ದುಃಖ ಜೆ. ಆರ್. ಡಿ. ಅವರ ಪಾಲಿಗೆ ಬಂದಿತು.

ಒಡೆತನ ಹೋಯಿತು, ಹೊಣೆ ಉಳಿಯಿತು

1953ರ ಆಗಸ್ಟ್ 1ರಂದು ದೇಶದ ಎಲ್ಲ ವಿಮಾನ ಕಂಪನಿಗಳೂ ರಾಷ್ಟ್ರೀಕರಣಗೊಂಡವು. ಜೆ. ಆರ್. ಡಿ. ಇದನ್ನು ಬಲವಾಗಿ ವಿರೋಧಿಸಿದ್ದರು. ಪ್ರಧಾನಿ ನೆಹರೂ ಅವರೊಂದಿಗೆ ಆತ್ಮೀಯತೆಯಿದ್ದರೂ ತಮ್ಮೊಡನೆ ಸರಿಯಾಗಿ ಸಮಾಲೋಚಿಸದೆ ಈ ನಿರ್ಣಯ ಕೈಗೊಂಡರೆಂಬ ನೋವು ಅವರಿಗಿತ್ತು. ಇಪ್ಪತ್ತೊಂದು ವರ್ಷ ಕಟ್ಟಿ ಬೆಳೆಸಿದ್ದು ಕೈತಪ್ಪಿತು. ಸರ್ಕಾರವು ವಿದೇಶ ಸಂಚಾರದ ಸಂಸ್ಥೆಗೆ ಅವರನ್ನೇ ಅಧ್ಯಕ್ಷರನ್ನಾಗಿ ಕರೆಯಿತು. ಮಾನಿಯಾದವನು ಒಲ್ಲೆನೆಂದು ದೂರ ಸರಿಯಬಹುದಾಗಿತ್ತು. ಜೆ. ಆರ್. ಡಿ. ಒಪ್ಪಿಕೊಂಡರು. ಮುಂದಿನ ಇಪ್ಪತ್ತೈದು ವರ್ಷ, ಒಂದು ರೂಪಾಯಿ ಸಂಬಳವನ್ನೂ ಪಡೆಯದೆ, ತಮ್ಮದಲ್ಲದ ಸಂಸ್ಥೆಯನ್ನು ತಮ್ಮದೆಂಬಂತೆ ನೋಡಿಕೊಂಡರು.

ಬ್ಯಾಂಕುಗಳ ರಾಷ್ಟ್ರೀಕರಣವನ್ನು ಸಮೀಪದಿಂದ ಬಲ್ಲ ನಮ್ಮಂಥವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಒಡೆತನ ಯಾರದೆಂಬುದು ಕಾಗದದ ಮೇಲಿನ ಮಾತು. ಕೌಂಟರಿನ ಈಚೆ ನಿಂತ ಗ್ರಾಹಕನಿಗೆ ಬೇಕಾದದ್ದು ಆಚೆ ಕುಳಿತವನ ಕಾಳಜಿ. ಏರ್ ಇಂಡಿಯಾದಲ್ಲಿ ಪ್ರಯಾಣಿಸಿದಾಗಲೆಲ್ಲ ಜೆ. ಆರ್. ಡಿ. ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಿದ್ದರು. ಪರದೆಯ ಬಣ್ಣ, ಕಾಫಿಯ ರುಚಿ, ಆಸನದ ಒರಗು, ಶೌಚಾಲಯದ ಶುಚಿತ್ವ ಯಾವುದೂ ಅವರ ದೃಷ್ಟಿಗೆ ಚಿಕ್ಕದಾಗಿರಲಿಲ್ಲ. ಧೂಳು ಕಂಡ ಕೌಂಟರನ್ನು ಅವರೇ ಒರೆಸಿದ ಪ್ರಸಂಗಗಳನ್ನು ಹಳೆಯ ಸಿಬ್ಬಂದಿ ನೆನೆಯುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಅವರು ಗಮನಿಸುತ್ತಿದ್ದುದು ಗಡಿಯಾರವನ್ನು. ಜಿನೀವಾದಲ್ಲಿ ಏರ್ ಇಂಡಿಯಾ ವಿಮಾನ ಇಳಿಯುವುದನ್ನು ನೋಡಿ ಜನ ಕೈಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಮಾತು ಆ ಕಾಲದಲ್ಲಿ ಹುಟ್ಟಿದ್ದು. ಅದರಲ್ಲಿ ಕಥೆಯ ಅಂಶ ಎಷ್ಟೇ ಇರಲಿ, ಅಂಥ ಕಥೆ ಹುಟ್ಟಲು ಕಾರಣವಾದ ಶಿಸ್ತು ನಿಜವಾಗಿತ್ತು.

1978ರ ಜನವರಿ 1ರಂದು ಏರ್ ಇಂಡಿಯಾದ ಮೊದಲ ಜಂಬೋ ಜೆಟ್ ಸಾಮ್ರಾಟ್ ಅಶೋಕ, ಮುಂಬಯಿಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು 213 ಮಂದಿ ಪ್ರಾಣ ಕಳೆದುಕೊಂಡರು. ಆ ದುಃಖದ ತಿಂಗಳು ಮುಗಿದು ಫೆಬ್ರವರಿ ಹುಟ್ಟುತ್ತಿದ್ದಂತೆ ಮೊರಾರ್ಜಿ ದೇಸಾಯಿ ಅವರ ಸರ್ಕಾರವು ಜೆ. ಆರ್. ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ಕೈಬಿಟ್ಟಿತು. ಸರ್ಕಾರದ ಪತ್ರ ತಲುಪುವ ಮೊದಲೇ ಸುದ್ದಿ ಬೇರೆಯವರಿಂದ ಅವರ ಕಿವಿಗೆ ಬಿದ್ದಿತ್ತು. ಜೀವಮಾನವಿಡೀ ಪತ್ರಗಳನ್ನು ಹೊತ್ತಿಗೆ ಸರಿಯಾಗಿ ತಲುಪಿಸಲು ಶ್ರಮಿಸಿದವರಿಗೆ ಅವರದೇ ಪತ್ರ ತಡವಾಗಿ ಬಂದಿತು. ಅವರು ಜಗಳಕ್ಕೆ ನಿಲ್ಲಲಿಲ್ಲ. ಸಿಬ್ಬಂದಿ ಪ್ರತಿಭಟಿಸಿದರು, ಪತ್ರಿಕೆಗಳು ಖಂಡಿಸಿದವು. 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ಅವರನ್ನು ಆಡಳಿತ ಮಂಡಳಿಗೆ ಮರಳಿ ಸೇರಿಸಿಕೊಂಡಿತು. ಅಧ್ಯಕ್ಷಪದವಿ ಮಾತ್ರ ಮರಳಲಿಲ್ಲ.

ಎಪ್ಪತ್ತೆಂಟರ ವಯಸ್ಸಿನಲ್ಲಿ ಮತ್ತೆ ಕರಾಚಿಯಿಂದ

ಮೊದಲ ಯಾನದ ಮೂವತ್ತನೆಯ ವರ್ಷ 1962ರಲ್ಲಿ ಜೆ. ಆರ್. ಡಿ. ಕರಾಚಿ-ಮುಂಬಯಿ ಹಾರಾಟವನ್ನು ಪುನರಾವರ್ತಿಸಿದ್ದರು. ಐವತ್ತನೆಯ ವರ್ಷ ಬಂದಾಗ ಅವರಿಗೆ ಎಪ್ಪತ್ತೆಂಟು ತುಂಬಿತ್ತು. 1982ರ ಅಕ್ಟೋಬರ್ 15ರಂದು, ಹಳೆಯ ಲೆಪರ್ಡ್ ಮಾತ್ ವಿಮಾನವೊಂದನ್ನು ಸಜ್ಜುಗೊಳಿಸಿಕೊಂಡು, ಒಬ್ಬರೇ ಕುಳಿತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಜುಹೂವಿಗೆ ಬಂದಿಳಿದರು. ಅದೇ ದಾರಿ, ಅದೇ ದೂರ, ಹೆಚ್ಚುಕಡಿಮೆ ಅದೇ ವೇಗ. ಆ ಹೊತ್ತಿಗೆ ಜೆಟ್ ವಿಮಾನಗಳಿಗೆ ಅದು ಒಂದೂಕಾಲು ಗಂಟೆ, ಒಂದೂವರೆ ಗಂಟೆಯ ಮಾತು. ತರುಣರಲ್ಲಿ ಉತ್ಸಾಹ ಕುಂದುತ್ತಿದೆ, ದೇಶದಲ್ಲಿ ನಿರಾಶೆ ಕವಿಯುತ್ತಿದೆ ಎಂಬ ಚಿಂತೆಯಿಂದಲೇ ಅವರು ಈ ಹಾರಾಟಕ್ಕೆ ಹೊರಟಿದ್ದರು. ಜುಹೂವಿನಲ್ಲಿ ಕಾದಿದ್ದವರು ನೋಡಿದ್ದು ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿ ಇಳಿದ ಹಿರಿಯರೊಬ್ಬರನ್ನು.

1955ರಲ್ಲಿ ಪದ್ಮವಿಭೂಷಣ, 1992ರಲ್ಲಿ ಭಾರತರತ್ನ ಪ್ರಶಸ್ತಿಗಳು ಅವರಿಗೆ ಸಂದವು. ಬೆಂಗಳೂರಿನೊಂದಿಗೆ ಅವರ ನಂಟು ಕೊನೆಯವರೆಗೂ ಇತ್ತು. ಜಮ್‌ಶೆಟ್‌ಜಿ ಅವರ ಕನಸಿನ ಫಲವಾದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ, ಜೆ. ಆರ್. ಡಿ. ಅವರ ಪ್ರೇರಣೆಯಿಂದ 1988ರಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಹುಟ್ಟಿತು; ಕರ್ನಾಟಕದವರೇ ಆದ ರಾಜಾ ರಾಮಣ್ಣ ಅದರ ಮೊದಲ ನಿರ್ದೇಶಕರು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಜೆ. ಆರ್. ಡಿ. ನಿಧನರಾದರು. ಹುಟ್ಟಿದ ಪ್ಯಾರಿಸ್ ನಗರದ ಪೇರ್ ಲಾಶೇಸ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. 2022ರ ಜನವರಿ 27ರಂದು ಏರ್ ಇಂಡಿಯಾ ಮರಳಿ ಟಾಟಾ ಸಮೂಹದ ಕೈಸೇರಿತು. ಅದನ್ನು ನೋಡಲು ಅವರಿರಲಿಲ್ಲ.

ಅವರು ತೆರೆದ ಮೊದಲ ದಾರಿಯ ಗತಿಯೇನಾಯಿತೆಂಬುದನ್ನೂ ಹೇಳಬೇಕು. ಕರಾಚಿ ಮತ್ತು ಮುಂಬಯಿಗಳ ನಡುವಿನ ನೇರ ವಿಮಾನ ಸೇವೆ ನಿಂತು ವರ್ಷಗಳೇ ಆದವು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ದುಬೈ ಮೂಲಕ ಸುತ್ತಿ ಹೋಗುವವರಿಗೆ 880 ಕಿಲೋಮೀಟರಿನ ದಾರಿ ಮೂರು ಸಾವಿರ ಕಿಲೋಮೀಟರು ದಾಟುತ್ತದೆ. ಅಲ್ಲಿ ಕಾಯುವ ಹೊತ್ತನ್ನು ಸೇರಿಸಿದರೆ, ಎತ್ತಿನ ಗಾಡಿಯಿಂದ ಪೆಟ್ರೋಲು ತುಂಬಿಸಿಕೊಂಡು ಬಂದ ಪಸ್ ಮಾತ್‌ನ ಏಳೂಕಾಲು ಗಂಟೆಗಿಂತ ಹೆಚ್ಚು ಸಮಯ ಹಿಡಿದರೆ ಆಶ್ಚರ್ಯವಿಲ್ಲ. ಯಂತ್ರದ ವೇಗ ಬೆಳೆದ ಮಾತ್ರಕ್ಕೆ ಊರುಗಳು ಹತ್ತಿರವಾಗುವುದಿಲ್ಲ. ಹತ್ತಿರ ತರುವವರು ಮನುಷ್ಯರು. ದೂರ ಮಾಡುವವರೂ ಮನುಷ್ಯರೇ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಗೆ ಗಂಟೆ ಎರಡು ಗಂಟೆಯಲ್ಲಿ ತಲುಪುವ ಸೌಲಭ್ಯ ಇಂದು ನಮಗಿದೆ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮ ಹಿರಿಯರಿಗೆ ತಂದೆತಾಯಿಯರ ಕಾಯಿಲೆಯ ಸುದ್ದಿ ತಲುಪುವುದೇ ತಡವಾಗುತ್ತಿತ್ತು. ತಲುಪಿದ ಮೇಲೆ ರೈಲು, ಬಸ್ಸುಗಳ ದಾರಿ ಬೇರೆ. ಆ ದೂರ ಇಷ್ಟು ಕುಗ್ಗಿದ್ದರ ಹಿಂದೆ ಜುಹೂವಿನ ಗರಿಯ ಕೊಟ್ಟಿಗೆಯಿಂದ ಆರಂಭಿಸಿ ದಶಕಗಳ ಕಾಲ ಗಡಿಯಾರ ನೋಡುತ್ತ ದುಡಿದವರ ಶ್ರಮವಿದೆ. ಪ್ರತಿ ಅಕ್ಟೋಬರ್ 15ರಂದು ಅವರನ್ನು ಒಮ್ಮೆ ಕೃತಜ್ಞತೆಯಿಂದ ನೆನೆಯುವುದು, ಊರಿಗೆ ಹೋಗಿಬರುವ ನಮ್ಮೆಲ್ಲರ ಕರ್ತವ್ಯ.